ಕೊಂಡ ವೇಗ, ದಕ್ಕಿದ ವೇಗ

(ಮಡಿಕೇರಿಯಲ್ಲಿ ತೋಟದ ಕಚೇರಿಗಳು, ಸಹಕಾರ ಸಂಘಗಳು ಮತ್ತು ಹೋಮ್‌ಸ್ಟೇಗಳ ಗಣಕ ವ್ಯವಸ್ಥೆಯನ್ನು ನೋಡಿಕೊಳ್ಳುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಹಲಗೆಯ ಮೇಲೆ ಹಾಕಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲಿ ಬಿಡಿಸಿ ಬರೆದಿದ್ದೇನೆ.)

ವಿರಾಜಪೇಟೆ ತಾಲ್ಲೂಕಿನ ಒಂದು ತೋಟದ ಕಚೇರಿಯವರು ಕೆಲವು ವರ್ಷಗಳ ಹಿಂದೆ ನನ್ನನ್ನು ಕರೆಸಿಕೊಂಡಿದ್ದರು. ಅವರ ಲೆಕ್ಕಪತ್ರಗಳು, ಕಾಫಿ ಮತ್ತು ಕಾಳುಮೆಣಸಿನ ದಾಸ್ತಾನಿನ ವಿವರಗಳು, ಜಮೀನಿನ ನಕ್ಷೆಗಳು ಪ್ರತಿ ರಾತ್ರಿ ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದ ಒಂದು ಬಾಡಿಗೆ ಸರ್ವರಿಗೆ ನಕಲಾಗಬೇಕಿತ್ತು. ಒಟ್ಟು ಸುಮಾರು 12 ಜಿಬಿ. ರಾತ್ರಿ ಹತ್ತಕ್ಕೆ ಶುರುವಾದ ಕೆಲಸ ಮರುದಿನ ಬೆಳಿಗ್ಗೆ ಒಂಬತ್ತು ದಾಟಿದರೂ ಮುಗಿಯುತ್ತಿರಲಿಲ್ಲ. ಕಚೇರಿ ತೆರೆದು, ಬರಹಗಾರರು ಬಂದು ಕುಳಿತು, ಇಮೇಲ್ ತೆರೆಯಲು ಹೊರಟರೆ ಹಿಂದಿನ ರಾತ್ರಿಯ ನಕಲು ಇನ್ನೂ ತೆವಳುತ್ತಲೇ ಇರುತ್ತಿತ್ತು. ಯಾರಿಗಾದರೂ ಹೊಳೆಯುವ ಪರಿಹಾರವೇ ಅವರಿಗೂ ಹೊಳೆಯಿತು: 20 ಎಂಬಿಪಿಎಸ್‌ನ (ಸೆಕೆಂಡಿಗೆ 20 ಮೆಗಾಬಿಟ್, ಅಂದರೆ ಎರಡು ಕೋಟಿ ಬಿಟ್‌ಗಳ) ಸಂಪರ್ಕವನ್ನು ತೆಗೆಸಿ 100 ಎಂಬಿಪಿಎಸ್‌ನದನ್ನು ಹಾಕಿಸಿದರು. ತಿಂಗಳ ಬಿಲ್ಲು ಏರಿತು. ನಕಲು ಮಾತ್ರ ಹಿಂದಿನಷ್ಟೇ ಹೊತ್ತು ತೆಗೆದುಕೊಂಡಿತು.

ಸಂಪರ್ಕ ಕೊಟ್ಟವರು ಮೋಸ ಮಾಡಿದ್ದಾರೆ ಎಂಬುದು ಅವರ ಅನುಮಾನವಾಗಿತ್ತು. ಬೆಂಗಳೂರಿನ ಪರೀಕ್ಷಾ ಸರ್ವರಿಗೆ ನಾನು ಅಳೆದಾಗ ತೊಂಬತ್ತಕ್ಕೂ ಹೆಚ್ಚು ಎಂಬಿಪಿಎಸ್ ನಿರಾಯಾಸವಾಗಿ ಸಿಕ್ಕಿತು. ಹಾಗಾಗಿ ಕೊಟ್ಟವರ ತಪ್ಪು ಇರಲಿಲ್ಲ. ಅದೇ ಯಂತ್ರದಿಂದ, ಅದೇ ತಂತಿಯ ಮೇಲೆ, ಅಮೆರಿಕಕ್ಕೆ ಹೋಗುತ್ತಿದ್ದ ನಕಲಿನ ವೇಗ ಮಾತ್ರ 2.4 ಎಂಬಿಪಿಎಸ್ ಮುಟ್ಟುತ್ತಿರಲಿಲ್ಲ. ಈ ಅಂಕಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ಅದು ಆಕಸ್ಮಿಕವಲ್ಲ. ಕಾಗದದ ಮೇಲೆ ಲೆಕ್ಕ ಹಾಕಿಯೂ ಅದನ್ನೇ ಪಡೆಯಬಹುದು. ನಾವು ದುಡ್ಡು ಕೊಟ್ಟು ಕೊಳ್ಳುವ ವೇಗವನ್ನು ಬ್ಯಾಂಡ್‌ವಿಡ್ತ್ ಎನ್ನುತ್ತೇವೆ. ಕಡತವೊಂದು ನಿಜವಾಗಿ ಆಚೆಯ ತುದಿಗೆ ತಲುಪುವ ವೇಗವನ್ನು ಥ್ರೂಪುಟ್ ಎನ್ನುತ್ತೇವೆ. ಒಂದೇ ಕಟ್ಟಡದೊಳಗಿನ ಜಾಲದಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ. ಊರು ದಾಟಿ, ಕಡಲು ದಾಟಿ ಹೋಗುವ ವೈಡ್ ಏರಿಯಾ ನೆಟ್‌ವರ್ಕಿನಲ್ಲಿ ಇವುಗಳ ನಡುವೆ ಎಷ್ಟು ದೊಡ್ಡ ಕಂದಕ ಬೀಳಬಹುದು ಮತ್ತು ಅದನ್ನು ಹೇಗೆ ತುಂಬಬಹುದು ಎಂಬುದೇ ಇವತ್ತಿನ ವಿಷಯ.

ಕೊಯ್ಲಿನ ಕಾಲದ ಒಂದು ದೃಶ್ಯವನ್ನು ಕಣ್ಣ ಮುಂದೆ ತಂದುಕೊಳ್ಳಿ. ದೂರದ ತೋಟದಿಂದ ಮನೆಯ ಕಣಕ್ಕೆ ಹಣ್ಣಿನ ಚೀಲಗಳು ಟ್ರ್ಯಾಕ್ಟರಿನಲ್ಲಿ ಬರುತ್ತಿವೆ. ಕಣದಲ್ಲಿ ಚೀಲ ಎಣಿಸಿಕೊಂಡ ರೈಟರು ಒಂದು ರಸೀದಿ ಬರೆದುಕೊಡುತ್ತಾರೆ, ಆ ರಸೀದಿ ತೋಟಕ್ಕೆ ಮರಳಿ ತಲುಪಬೇಕು. ಚೀಲಗಳು ನಡುದಾರಿಯಲ್ಲಿ ಕಾಣೆಯಾಗಬಾರದು ಎಂದು ಯಜಮಾನರು ಒಂದು ನಿಯಮ ಮಾಡಿದ್ದಾರೆ: ರಸೀದಿ ಬಾರದ ಟ್ರ್ಯಾಕ್ಟರುಗಳು ದಾರಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಕಣ ಹತ್ತಿರವಿದ್ದರೆ ರಸೀದಿಗಳು ಬೇಗ ಬೇಗ ಬರುತ್ತವೆ, ಕೆಲಸ ನಿಲ್ಲುವುದಿಲ್ಲ. ಕಣ ಮೂವತ್ತು ಕಿಲೋಮೀಟರ್ ದೂರದಲ್ಲಿದ್ದರೆ ನಾಲ್ಕು ಟ್ರ್ಯಾಕ್ಟರುಗಳನ್ನು ಕಳಿಸಿದ ತೋಟದವರು ಮೊದಲ ರಸೀದಿ ಬರುವವರೆಗೆ ಕೈಕಟ್ಟಿ ಕುಳಿತಿರಬೇಕು. ಈ ಸ್ಥಿತಿಯಲ್ಲಿ ರಸ್ತೆಯನ್ನು ಎಷ್ಟೇ ಅಗಲ ಮಾಡಿದರೂ ಸಂಜೆಯ ಹೊತ್ತಿಗೆ ಕಣಕ್ಕೆ ಬಂದ ಚೀಲಗಳ ಸಂಖ್ಯೆ ಬದಲಾಗದು.

ಅಂತರ್ಜಾಲದಲ್ಲಿ ಕಡತಗಳನ್ನು ಸಾಗಿಸುವ ಟಿಸಿಪಿ ನಿಯಮಾವಳಿಯು ಕೆಲಸ ಮಾಡುವುದು ಹೀಗೆಯೇ. ಕಡತವು ಪ್ಯಾಕೆಟ್ಟುಗಳೆಂಬ ಸಣ್ಣ ತುಂಡುಗಳಾಗಿ ಹೋಗುತ್ತದೆ, ಕಳಿಸಿದ ಪ್ಯಾಕೆಟ್ಟುಗಳಿಗೆ ಆಚೆಯ ತುದಿಯಿಂದ ಸ್ವೀಕೃತಿ ಬರಬೇಕು. ಸ್ವೀಕೃತಿ ಬಾರದೆಯೇ ದಾರಿಯಲ್ಲಿ ಇರಬಹುದಾದ ದತ್ತಾಂಶದ ಮಿತಿಗೆ ವಿಂಡೋ ಎಂದು ಹೆಸರು. 1981ರಲ್ಲಿ ಈ ನಿಯಮಾವಳಿಯನ್ನು ಬರೆದಾಗ ವಿಂಡೋದ ಗಾತ್ರವನ್ನು ಸೂಚಿಸಲು 16 ಬಿಟ್‌ಗಳ ಜಾಗವನ್ನು ಮೀಸಲಿಟ್ಟರು, ಅಂದರೆ ಗರಿಷ್ಠ 65,535 ಬೈಟುಗಳು. ಅಂದಿನ ಸಂಪರ್ಕಗಳಿಗೆ ಅದು ಧಾರಾಳವಾಗಿತ್ತು. ಈಗ ನಮ್ಮ ಕಚೇರಿಯ ಲೆಕ್ಕವನ್ನು ನೋಡಿ. ಅಲ್ಲಿಂದ ಅಮೆರಿಕದ ಸರ್ವರಿಗೆ ಹೋಗಿ ಬರಲು ಒಂದು ಪ್ಯಾಕೆಟ್ಟಿಗೆ 220 ಮಿಲಿಸೆಕೆಂಡ್ ಬೇಕಾಗುತ್ತಿತ್ತು. ಒಂದು ಸುತ್ತಿಗೆ 65,535 ಬೈಟುಗಳು, ಅಂದರೆ ಬೈಟಿಗೆ ಎಂಟರಂತೆ ಸುಮಾರು 5,24,000 ಬಿಟ್‌ಗಳು, ಅದನ್ನು 0.22 ಸೆಕೆಂಡಿನಿಂದ ಭಾಗಿಸಿದರೆ ಬರುವುದು 2.38 ಎಂಬಿಪಿಎಸ್. ಆ ವೇಗದಲ್ಲಿ 12 ಜಿಬಿ ಸಾಗಿಸಲು ಹನ್ನೊಂದು ಗಂಟೆಗೂ ಹೆಚ್ಚು ಬೇಕು. ರಾತ್ರಿ ಹತ್ತಕ್ಕೆ ಹನ್ನೊಂದು ಕೂಡಿಸಿದರೆ ಬೆಳಿಗ್ಗೆ ಒಂಬತ್ತು. ಈ ಲೆಕ್ಕದಲ್ಲಿ 20 ಆಗಲಿ 100 ಆಗಲಿ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಅವರು ಕೊಂಡ ವೇಗಕ್ಕೆ ಈ ಕೆಲಸದಲ್ಲಿ ಪಾತ್ರವೇ ಇರಲಿಲ್ಲ.

ಲೆಕ್ಕವನ್ನು ತಿರುಗಿಸಿಯೂ ಹಾಕಬಹುದು, ಮತ್ತು ಹಾಗೆ ಹಾಕುವುದೇ ಹೆಚ್ಚು ಉಪಯುಕ್ತ. 100 ಎಂಬಿಪಿಎಸ್‌ನ ಕೊಳವೆಯನ್ನು 220 ಮಿಲಿಸೆಕೆಂಡ್‌ಗಳ ದೂರಕ್ಕೆ ಪೂರ್ತಿ ತುಂಬಿಸಿಡಬೇಕಾದರೆ ದಾರಿಯಲ್ಲಿ ಎಷ್ಟು ದತ್ತಾಂಶ ಇರಬೇಕು? ಎರಡನ್ನೂ ಗುಣಿಸಿದರೆ 2.2 ಕೋಟಿ ಬಿಟ್‌ಗಳು, ಅಂದರೆ 27.5 ಲಕ್ಷ ಬೈಟುಗಳು. ಬ್ಯಾಂಡ್‌ವಿಡ್ತ್ ಮತ್ತು ವಿಳಂಬಗಳ ಈ ಗುಣಲಬ್ಧವನ್ನು ಪ್ರತಿಯೊಂದು ದೂರದ ಸಂಪರ್ಕಕ್ಕೂ ಮೊದಲು ಕಂಡುಹಿಡಿದುಕೊಂಡು ಆಮೇಲೆ ಉಳಿದ ಮಾತನಾಡುವುದು ನನ್ನ ಅಭ್ಯಾಸ. ನಮ್ಮ ಕಚೇರಿಗೆ 27 ಲಕ್ಷ ಬೇಕಾಗಿದ್ದಲ್ಲಿ 65 ಸಾವಿರ ಇತ್ತು, ನಲವತ್ತರಲ್ಲಿ ಒಂದು ಪಾಲು.

1992ರಲ್ಲಿಯೇ ಇದಕ್ಕೆ ಪರಿಹಾರ ಬಂದಿತ್ತು. ವಿಂಡೋದ ಅಂಕಿಯನ್ನು ಎರಡರ ಘಾತಗಳಿಂದ ಹಿಗ್ಗಿಸುವ ಸ್ಕೇಲಿಂಗ್ ಎಂಬ ಸೇರ್ಪಡೆಯಿಂದ ಅದು ಸುಮಾರು 1 ಜಿಬಿಯವರೆಗೂ ಬೆಳೆಯಬಲ್ಲದು. ಇಂದಿನ ವಿಂಡೋಸ್, ಲಿನಕ್ಸ್, ಮೊಬೈಲುಗಳೆಲ್ಲವೂ ಇದನ್ನು ತಾವಾಗಿಯೇ ಮಾಡುತ್ತವೆ. ಹಾಗಿದ್ದರೆ ಆ ಕಚೇರಿಯಲ್ಲಿ ಏನಾಗಿತ್ತು? ನಕಲು ತೆಗೆಯುವ ತಂತ್ರಾಂಶವು ತನ್ನ ಬಫರಿನ, ಅಂದರೆ ಸಾಗುವ ದತ್ತಾಂಶವನ್ನು ಹಿಡಿದಿಡುವ ಜಾಗದ, ಗಾತ್ರವನ್ನು 64 ಕೆಬಿ ಎಂದು ತಾನೇ ನಿಗದಿ ಮಾಡಿಕೊಂಡು ಕುಳಿತಿತ್ತು, ಮತ್ತು ತಂತ್ರಾಂಶ ಹಾಗೆ ಹಟ ಹಿಡಿದರೆ ಲಿನಕ್ಸ್ ತನ್ನ ಸ್ವಯಂಚಾಲಿತ ಹಿಗ್ಗಿಸುವಿಕೆಯನ್ನು ಬಿಟ್ಟುಕೊಡುತ್ತದೆ. ಯಾವ ಕಾಲದಲ್ಲೋ ಯಾರೋ ಒಳ್ಳೆಯ ಉದ್ದೇಶದಿಂದ ಬರೆದಿಟ್ಟ ಒಂದು ಸಾಲು ಅದು. ಕೆಲವೆಡೆ ಹಳೆಯ ಫೈರ್‌ವಾಲುಗಳು ಸ್ಕೇಲಿಂಗಿನ ಸೂಚನೆಯನ್ನೇ ಅಳಿಸಿಹಾಕುವುದುಂಟು, ಆಗಲೂ ಫಲಿತಾಂಶ ಇದೇ. ತಂತ್ರಾಂಶದ ಸಂರಚನೆಯಲ್ಲಿ ಬಫರನ್ನು 4 ಎಂಬಿಗೆ ಏರಿಸಿದ ರಾತ್ರಿ ನಕಲು ಹನ್ನೊಂದು ಗಂಟೆಯ ಒಳಗೆ ಮುಗಿದಿತ್ತು. ಹನ್ನೊಂದು ಗಂಟೆ ಕಾಲದಲ್ಲಿ ಎಂದಲ್ಲ, ಗಡಿಯಾರದ ಹನ್ನೊಂದು.

ವಿಂಡೋವನ್ನು ಹಿಗ್ಗಿಸಬಹುದು, ದೂರವನ್ನು ಕುಗ್ಗಿಸಲಾಗದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಹೋಗಿ ಬರುವ ಲೆಕ್ಕದಲ್ಲಿ ಪ್ರತಿ ನೂರು ಕಿಲೋಮೀಟರಿಗೆ ಒಂದು ಮಿಲಿಸೆಕೆಂಡ್. ಮಡಿಕೇರಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 260 ಕಿಲೋಮೀಟರ್, ಆದ್ದರಿಂದ ಮೂರು ಮಿಲಿಸೆಕೆಂಡಿನೊಳಗೆ ಉತ್ತರ ಬರಬೇಕು. ಹತ್ತು, ಹದಿನೈದು ಬಂದರೆ ಆಶ್ಚರ್ಯಪಡಬೇಡಿ, ನಡುವಿನ ಯಂತ್ರಗಳೂ ಸುತ್ತುದಾರಿಯೂ ಅಷ್ಟನ್ನು ತಿನ್ನುತ್ತವೆ. ನಲವತ್ತು, ಐವತ್ತು ಬಂದರೆ ಮಾತ್ರ ಪ್ಯಾಕೆಟ್ಟಿನ ದಾರಿಯನ್ನು ತೋರಿಸುವ ಟ್ರೇಸ್‌ರೂಟ್ ಹಾಕಿ ನೋಡಿ. ಇಲ್ಲಿಂದ ಮೈಸೂರಿಗೆ ಹೋಗಬೇಕಾದ ಪ್ಯಾಕೆಟ್ಟು ಮುಂಬೈಗೋ ಚೆನ್ನೈಗೋ ಹೋಗಿ ಸುತ್ತಿ ಬರುತ್ತಿರಬಹುದು, ಮತ್ತು ಅದನ್ನು ಸರಿಪಡಿಸಬಲ್ಲವರು ಸೇವೆ ಕೊಡುವವರು ಮಾತ್ರ. ಅಮೆರಿಕದ ಪೂರ್ವ ತೀರಕ್ಕೆ ಭೂಗೋಳದ ಮೇಲೆ ನೇರ ಗೆರೆ ಎಳೆದರೂ 13,000 ಕಿಲೋಮೀಟರಿಗೂ ಹೆಚ್ಚು, ಆದ್ದರಿಂದ 130 ಮಿಲಿಸೆಕೆಂಡ್‌ಗಿಂತ ಕಡಿಮೆಯನ್ನು ಯಾವ ಕಂಪನಿಯೂ ಫೈಬರಿನಲ್ಲಿ ಕೊಡಲಾರದು. ಭೂಸ್ಥಿರ ಉಪಗ್ರಹವು 35,786 ಕಿಲೋಮೀಟರ್ ಎತ್ತರದಲ್ಲಿದೆ. ಸಂಕೇತವು ಹೋಗುವಾಗ ಎರಡು ಬಾರಿ, ಬರುವಾಗ ಎರಡು ಬಾರಿ ಆ ಎತ್ತರವನ್ನು ದಾಟಬೇಕಾದ್ದರಿಂದ ಬೆಳಕಿನ ಪಯಣಕ್ಕೇ 480 ಮಿಲಿಸೆಕೆಂಡ್‌ನಷ್ಟು ಹೋಗಿ, ಬಳಕೆಯಲ್ಲಿ ಆರುನೂರರ ಆಸುಪಾಸಿಗೆ ಬರುತ್ತದೆ. ಐನೂರು ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಹೊಸ ಬಗೆಯ ಉಪಗ್ರಹಗಳ ಮಾತು ಬೇರೆ, ಅಲ್ಲಿ ವಿಳಂಬ ಹತ್ತಾರು ಮಿಲಿಸೆಕೆಂಡ್‌ಗಳಿಗೆ ಇಳಿಯುತ್ತದೆ.

ವಿಂಡೋ ದೊಡ್ಡದಿದೆ ಎಂದಮಾತ್ರಕ್ಕೆ ಕಳಿಸುವವರು ಒಮ್ಮೆಲೇ ಅಷ್ಟನ್ನೂ ಸುರಿಯುವುದಿಲ್ಲ, ಮತ್ತು ಇದರ ಹಿಂದೆ ಒಂದು ಚರಿತ್ರೆಯಿದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೂ ನಡುವಿನ ಜಾಲ ಕುಸಿದುಬಿತ್ತು. ನಡುವಿನ ದೂರ ನಾನೂರು ಗಜ, ಅಂದರೆ ಇಲ್ಲಿನ ಕೋಟೆಯಿಂದ ಪೇಟೆಯ ಕಡೆಗೆ ಒಂದಿಷ್ಟು ನಡೆದರೆ ಸವೆಯುವ ದಾರಿ. ಸೆಕೆಂಡಿಗೆ 32,000 ಬಿಟ್‌ಗಳಿದ್ದ ಥ್ರೂಪುಟ್ 40 ಬಿಟ್‌ಗಳಿಗೆ ಇಳಿಯಿತು. ಎಲ್ಲ ಯಂತ್ರಗಳೂ ಜಾಲದ ಸ್ಥಿತಿಯನ್ನು ವಿಚಾರಿಸದೆ ತಮ್ಮಲ್ಲಿದ್ದುದನ್ನೆಲ್ಲ ಸುರಿಯುತ್ತಿದ್ದವು, ಕಳೆದುಹೋದದ್ದನ್ನು ಮತ್ತೆ ಸುರಿಯುತ್ತಿದ್ದವು. ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ ಇದನ್ನು ಬೆನ್ನಟ್ಟಿ 1988ರಲ್ಲಿ ಪ್ರಕಟಿಸಿದ ವಿಧಾನಗಳೇ ಇಂದಿಗೂ ಅಂತರ್ಜಾಲವನ್ನು ಕಾಪಾಡುತ್ತಿರುವುದು. ಅದರ ಪ್ರಕಾರ ಕಳಿಸುವವರು ಅಳುಕುತ್ತ ಆರಂಭಿಸಬೇಕು, ಸ್ವೀಕೃತಿ ಬಂದಂತೆ ಪ್ರತಿ ಸುತ್ತಿಗೂ ಇಮ್ಮಡಿಸುತ್ತ ಹೋಗಬೇಕು, ಪ್ಯಾಕೆಟ್ಟೊಂದು ಕಳೆದುಹೋದರೆ ಜಾಲದಲ್ಲಿ ದಟ್ಟಣೆಯಾಗಿದೆ ಎಂದು ತಿಳಿದು ಥಟ್ಟನೆ ವೇಗ ತಗ್ಗಿಸಬೇಕು.

ಇದರ ಪರಿಣಾಮವನ್ನು ಹೋಮ್‌ಸ್ಟೇ ನಡೆಸುವವರು ದಿನವೂ ಅನುಭವಿಸುತ್ತಾರೆ, ಹೆಸರು ಗೊತ್ತಿರುವುದಿಲ್ಲ ಅಷ್ಟೆ. ಇಂದಿನ ರೂಢಿಯಲ್ಲಿ ಟಿಸಿಪಿ ಸಂಪರ್ಕವೊಂದು ಹತ್ತು ಪ್ಯಾಕೆಟ್ಟುಗಳಿಂದ, ಅಂದರೆ ಸುಮಾರು 14,600 ಬೈಟುಗಳಿಂದ ಶುರುವಾಗುತ್ತದೆ. ಅಲ್ಲಿಂದ ಇಮ್ಮಡಿಸುತ್ತ 27 ಲಕ್ಷ ಬೈಟುಗಳ ಮಟ್ಟವನ್ನು ಮುಟ್ಟಲು ಎಂಟು ಸುತ್ತುಗಳು ಬೇಕು. 220 ಮಿಲಿಸೆಕೆಂಡ್‌ನ ದೂರದಲ್ಲಿ ಅದು 1.76 ಸೆಕೆಂಡ್. ಒಂದು ಛಾಯಾಚಿತ್ರ ಅಷ್ಟರೊಳಗೆ ಮುಗಿದೇ ಹೋಗಿರುತ್ತದೆ, ಅಂದರೆ ಸಂಪರ್ಕವು ಪೂರ್ಣ ವೇಗಕ್ಕೆ ಏರುವ ಮೊದಲೇ ಕೆಲಸ ಮುಗಿದು, ಮುಂದಿನ ಚಿತ್ರಕ್ಕೆ ಹೊಸ ಸಂಪರ್ಕ ತೆರೆದು, ಮತ್ತೆ ಅಳುಕಿನಿಂದಲೇ ಶುರು. ನಾನೂರು ಚಿತ್ರಗಳನ್ನು ಬಿಡಿಬಿಡಿಯಾಗಿ ಕಳಿಸುವುದಕ್ಕೂ ಒಂದೇ ಗಂಟು ಕಟ್ಟಿ ಕಳಿಸುವುದಕ್ಕೂ ಇರುವ ವ್ಯತ್ಯಾಸ ಇದರಿಂದ ಹುಟ್ಟುತ್ತದೆ. ಜಿಪ್ ಮಾಡಿದರೆ ಛಾಯಾಚಿತ್ರಗಳ ಗಾತ್ರವೇನೂ ತಗ್ಗುವುದಿಲ್ಲ, ಅವು ಮೊದಲೇ ಸಂಕುಚಿತವಾಗಿರುತ್ತವೆ. ಆದರೂ ಬೇಗ ಹೋಗುತ್ತವೆ. 2018ರ ಟಿಎಲ್‌ಎಸ್ 1.3 (ಸಂಪರ್ಕವನ್ನು ಗೂಢಲಿಪಿಯಲ್ಲಿ ಸಾಗಿಸುವಂಥದ್ದು) ಮತ್ತು 2021ರಲ್ಲಿ ಮಾನಕವಾದ ಕ್ವಿಕ್ (ಟಿಸಿಪಿಯ ಬದಲು ಬಳಸುವಂಥದ್ದು) ಎಂಬ ನಿಯಮಾವಳಿಗಳು ಸಂಪರ್ಕದ ಆರಂಭದ ಕೈಕುಲುಕಾಟದಲ್ಲಿ ಒಂದೆರಡು ಸುತ್ತುಗಳನ್ನು ಉಳಿಸುವುದು ದೂರದ ಬಳಕೆದಾರರಿಗೇ ಹೆಚ್ಚು ಲಾಭ. ಬೆಂಗಳೂರಿನ ಡೇಟಾ ಸೆಂಟರಿನ ಪಕ್ಕದಲ್ಲಿ ಕುಳಿತವರಿಗೆ ಅದು ತಿಳಿಯುವುದೂ ಇಲ್ಲ.

ಈಗ ನಮ್ಮ ಊರಿಗೆ ವಿಶೇಷವಾಗಿ ಸಂಬಂಧಿಸಿದ ಮಾತಿಗೆ ಬರುತ್ತೇನೆ: ಪ್ಯಾಕೆಟ್ಟುಗಳು ಕಳೆದುಹೋಗುವುದು. ಜೇಕಬ್‌ಸನ್ನರ ವಿಧಾನವು ಕಳೆತವನ್ನು ದಟ್ಟಣೆಯ ಲಕ್ಷಣವೆಂದು ಓದುತ್ತದೆ. ಆದರೆ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪ್ಯಾಕೆಟ್ಟು ಕಳೆದುಹೋಗಲು ದಟ್ಟಣೆಯೇ ಬೇಕಿಲ್ಲ. ಸಿಲ್ವರ್ ಓಕಿನಿಂದ ಕಂಬಕ್ಕೆ, ಕಂಬದಿಂದ ಹಲಸಿನ ಮರಕ್ಕೆ ನೇತುಹಾಕಿದ ಫೈಬರು ಗಾಳಿಗೆ ತೂಗಿ ಬಾಗುತ್ತದೆ, ಬೆಸುಗೆಯ ಡಬ್ಬಿಯೊಳಗೆ ನೀರು ಇಳಿಯುತ್ತದೆ, ಬೆಟ್ಟದಿಂದ ಬೆಟ್ಟಕ್ಕೆ ಹಾಕಿದ ನಿಸ್ತಂತು ಕೊಂಡಿಯ ದಾರಿಯಲ್ಲಿ ಒದ್ದೆ ಎಲೆಗಳು ಅಡ್ಡ ಬರುತ್ತವೆ; ಹತ್ತು ಗಿಗಾಹರ್ಟ್ಸ್‌ಗಿಂತ ಮೇಲಿನ ತರಂಗಗಳಾದರೆ ಮಳೆಹನಿಗಳೇ ಅವನ್ನು ಹೀರಿಕೊಳ್ಳುತ್ತವೆ. ಟಿಸಿಪಿಗೆ ಇದಾವುದೂ ಗೊತ್ತಿಲ್ಲ. ಮಳೆಗೆ ಕಳೆದ ಒಂದು ಪ್ಯಾಕೆಟ್ಟನ್ನು ಕಂಡು, ಮುಂದೆ ವಾಹನ ಸಾಲುಗಟ್ಟಿ ನಿಂತಿದೆ ಎಂದು ಭಾವಿಸಿ, ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತುತ್ತದೆ.

ಇದರ ಬೆಲೆ ಎಷ್ಟೆಂದು ಅಂದಾಜಿಸುವ ಸರಳ ಸೂತ್ರವೊಂದನ್ನು 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಕೊಟ್ಟರು. ಪ್ಯಾಕೆಟ್ಟಿನ ಗಾತ್ರವನ್ನು ಹೋಗಿಬರುವ ಕಾಲದಿಂದ ಭಾಗಿಸಿ, ಅದನ್ನು ಕಳೆತದ ಪ್ರಮಾಣದ ವರ್ಗಮೂಲದಿಂದ ಭಾಗಿಸಿ, 1.22ರಿಂದ ಗುಣಿಸಿದರೆ ಒಂದು ಸಂಪರ್ಕಕ್ಕೆ ದಕ್ಕುವ ಗರಿಷ್ಠ ವೇಗ ಬರುತ್ತದೆ. ಬೆಂಗಳೂರಿಗೆ 20 ಮಿಲಿಸೆಕೆಂಡ್, ನೂರಕ್ಕೆ ಒಂದು ಪ್ಯಾಕೆಟ್ಟು ಕಳೆತ ಎಂದಿಟ್ಟುಕೊಂಡರೆ ಸುಮಾರು 7 ಎಂಬಿಪಿಎಸ್. ಅದೇ ಕಳೆತ ಹತ್ತು ಸಾವಿರಕ್ಕೆ ಒಂದಾದರೆ 71. ಅಮೆರಿಕಕ್ಕೆ 220 ಮಿಲಿಸೆಕೆಂಡ್‌ನಲ್ಲಿ ನೂರಕ್ಕೆ ಒಂದು ಕಳೆದರೆ ಬರುವುದು 0.65 ಎಂಬಿಪಿಎಸ್, ಅಂದರೆ ನೂರು ಎಂಬಿಪಿಎಸ್‌ನ ಸಂಪರ್ಕದಲ್ಲಿ ಒಂದೂ ಇಲ್ಲ. ‘ನೂರಕ್ಕೆ ತೊಂಬತ್ತೊಂಬತ್ತು ತಲುಪುತ್ತಿದೆಯಲ್ಲ ಸಾರ್’ ಎಂದು ತಂತಿ ಹಾಕುವವರು ಹೇಳಿದಾಗ ಈ ಲೆಕ್ಕವನ್ನು ಅವರ ಮುಂದಿಡಿ. ಹಾಜರಾತಿಯಲ್ಲಿ ತೊಂಬತ್ತೊಂಬತ್ತು ಒಳ್ಳೆಯ ಅಂಕ, ದೂರದ ಸಂಪರ್ಕದಲ್ಲಿ ಕೆಟ್ಟದ್ದು.

ಈ ಸೂತ್ರ ಹಳೆಯ ಬಗೆಯ ದಟ್ಟಣೆ ನಿಯಂತ್ರಣಕ್ಕೆ ಸರಿಹೊಂದುವಂಥದ್ದು. 2006ರಿಂದ ಲಿನಕ್ಸಿನಲ್ಲಿ ರೂಢಿಯಲ್ಲಿರುವ ಕ್ಯೂಬಿಕ್ ಎಂಬ ವಿಧಾನವು ದೂರದ ದಾರಿಗಳಲ್ಲಿ ತಗ್ಗಿದ ವೇಗವನ್ನು ಬೇಗ ಮರಳಿ ಪಡೆಯುತ್ತದೆ. 2016ರಲ್ಲಿ ಗೂಗಲ್ ಪ್ರಕಟಿಸಿದ ಬಿಬಿಆರ್ ಇನ್ನೂ ಮುಂದೆ ಹೋಗಿ, ಕಳೆತವನ್ನು ಮುಖ್ಯ ಸಾಕ್ಷಿಯೆಂದು ಪರಿಗಣಿಸುವುದನ್ನೇ ಬಿಟ್ಟಿತು. ದಾರಿ ನಿಜಕ್ಕೂ ಎಷ್ಟು ವೇಗದಲ್ಲಿ ತಲುಪಿಸುತ್ತಿದೆ, ಕನಿಷ್ಠ ಎಷ್ಟು ಹೊತ್ತಿನಲ್ಲಿ ಉತ್ತರ ಬರುತ್ತಿದೆ ಎಂದು ಅಳೆದುಕೊಂಡು ಅದಕ್ಕೆ ತಕ್ಕಂತೆ ಕಳಿಸುತ್ತದೆ. ಮಳೆಗಾಲದ ನಮ್ಮ ಸಂಪರ್ಕಗಳಿಗೆ ಹೇಳಿ ಮಾಡಿಸಿದಂತಿದೆ. ಲಿನಕ್ಸ್ ಸರ್ವರಿನಲ್ಲಿ ಅದನ್ನು ಜಾರಿಗೆ ತರಲು ಒಂದೆರಡು ಸಾಲುಗಳ ಬದಲಾವಣೆ ಸಾಕು, ಆದರೆ ಅದು ಕಳಿಸುವ ತುದಿಯಲ್ಲಿರಬೇಕೆಂಬುದನ್ನು ಮರೆಯಬಾರದು. ಇಲ್ಲಿಂದ ಕಳಿಸುವ ನಕಲಿಗೆ ನಿಮ್ಮ ಯಂತ್ರದಲ್ಲಿ, ಅಲ್ಲಿಂದ ಇಳಿಸುವ ಕಡತಕ್ಕೆ ಅಲ್ಲಿನ ಯಂತ್ರದಲ್ಲಿ. ಅದರ ಮೊದಲ ಆವೃತ್ತಿಯು ಪಕ್ಕದ ಸಂಪರ್ಕಗಳ ಪಾಲನ್ನೂ ಕಬಳಿಸುತ್ತದೆ ಎಂಬ ದೂರು ನ್ಯಾಯವಾದದ್ದು. ಆದ್ದರಿಂದ ತಂತಿಯನ್ನು ಸರಿಪಡಿಸಲು ಸಾಧ್ಯವಿರುವಾಗ ಬಿಬಿಆರ್ ಹಾಕಿ ಸುಮ್ಮನಾಗುವುದು ನನಗೆ ಒಪ್ಪಿಗೆಯಲ್ಲ.

ಕಳೆತಕ್ಕೆ ಹೆದರಿ ರೌಟರುಗಳಲ್ಲಿ ದೊಡ್ಡ ದೊಡ್ಡ ಬಫರುಗಳನ್ನಿಟ್ಟರೆ ಅದರ ತದ್ವಿರುದ್ಧದ ಕಾಯಿಲೆ ಬರುತ್ತದೆ. ಮೇಲಕ್ಕೆ ಕಳಿಸುವ ವೇಗ 10 ಎಂಬಿಪಿಎಸ್ ಇದ್ದು, ಮೋಡೆಮ್ಮಿನಲ್ಲಿ 1 ಎಂಬಿಯಷ್ಟು ಸರದಿ ನಿಲ್ಲಲು ಜಾಗವಿದ್ದರೆ, ಆ ಸರದಿ ತುಂಬಿದಾಗ ಪ್ರತಿ ಪ್ಯಾಕೆಟ್ಟೂ 0.8 ಸೆಕೆಂಡ್ ಕಾಯುತ್ತದೆ. ಅತಿಥಿಯೊಬ್ಬರು ರಾಜಾಸೀಟಿನಲ್ಲಿ ತೆಗೆದ ವಿಡಿಯೋವನ್ನು ಮೇಲೇರಿಸುತ್ತಿದ್ದಾಗ ಪಕ್ಕದ ಕೋಣೆಯವರ ಡೌನ್‌ಲೋಡ್ ಕೂಡ ನಿಂತುಹೋಗುವುದು ಇದರಿಂದಲೇ. ಇಳಿಯುವ ದತ್ತಾಂಶದ ಸ್ವೀಕೃತಿಗಳು ಅದೇ ಸರದಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟವರು ಜಿಮ್ ಗೆಟ್ಟಿಸ್. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್‌ಸನ್ ಸೇರಿ ಕೋಡೆಲ್ ಎಂಬ ಮದ್ದು ಕೊಟ್ಟರು. ಸರದಿಯ ಉದ್ದದ ಬದಲು ಪ್ಯಾಕೆಟ್ಟು ಅದರಲ್ಲಿ ಎಷ್ಟು ಹೊತ್ತು ನಿಂತಿದೆ ಎಂಬುದನ್ನು ಅದು ನೋಡುತ್ತದೆ. ಇದನ್ನು ಬಳಸುವ ರೌಟರಿನಲ್ಲಿ ವೇಗದ ಮಿತಿಯನ್ನು ನಿಜವಾದ ವೇಗದ ನೂರಕ್ಕೆ ತೊಂಬತ್ತು, ತೊಂಬತ್ತೈದಕ್ಕೆ ಇಳಿಸಿಡಬೇಕು, ಆಗ ಸರದಿಯು ಪರರ ಮೋಡೆಮ್ಮಿನಲ್ಲಿ ಬೆಳೆಯದೆ ನಿಮ್ಮ ಹಿಡಿತದಲ್ಲೇ ಇರುತ್ತದೆ. ಕೊಂಡ ವೇಗದ ಹತ್ತನೆಯ ಒಂದು ಪಾಲನ್ನು ನಾವೇ ಬಿಟ್ಟುಕೊಡಬೇಕೆಂದರೆ ಜನ ನನ್ನನ್ನು ಅನುಮಾನದಿಂದ ನೋಡುತ್ತಾರೆ. ಒಂದು ಸಂಜೆ ಹಾಕಿ ನೋಡಿದ ಮೇಲೆ ಯಾರೂ ತೆಗೆಸಿದ್ದಿಲ್ಲ.

ವಿಪಿಎನ್ (ಅಂತರ್ಜಾಲದ ಮೇಲೆ ಹಾಕಿಕೊಳ್ಳುವ ಖಾಸಗಿ ಸುರಂಗ) ಬಳಸುವವರಿಗೆ ಒಂದು ಸಣ್ಣ ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಲಾಗಿನ್ ಆಗುತ್ತದೆ, ಸಣ್ಣ ಮೇಲ್ ಹೋಗುತ್ತದೆ, ದೊಡ್ಡ ಲಗತ್ತು ಇದ್ದರೆ ಮಾತ್ರ ನಿಂತುಬಿಡುತ್ತದೆ ಎಂದಾದರೆ ಅದು ವೇಗದ ಸಮಸ್ಯೆಯಲ್ಲ. ಸಾಮಾನ್ಯ ಪ್ಯಾಕೆಟ್ಟಿನ ಮಿತಿ 1,500 ಬೈಟು, ಬಳಕೆದಾರರ ಹೆಸರು, ಗುಪ್ತಪದ ಕೊಟ್ಟು ತೆರೆಯುವ ಪಿಪಿಪಿಒಇ ಸಂಪರ್ಕದಲ್ಲಿ 1,492, ವಿಪಿಎನ್‌ನ ಹೊದಿಕೆ ಬಂದರೆ ಇನ್ನೂ ಕಡಿಮೆ. ‘ಈ ಪ್ಯಾಕೆಟ್ಟು ದೊಡ್ಡದಾಯಿತು’ ಎಂದು ತಿಳಿಸುವ ಐಸಿಎಂಪಿ ಸಂದೇಶಗಳನ್ನು ಭದ್ರತೆಯ ಹೆಸರಿನಲ್ಲಿ ಯಾರೋ ತಡೆದಿಟ್ಟಿರುತ್ತಾರೆ. ರೌಟರಿನಲ್ಲಿ ಪ್ಯಾಕೆಟ್ಟಿನ ಗಾತ್ರವನ್ನು ಮೊದಲೇ ಮಿತಿಗೊಳಿಸುವ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಹಾಕಿದರೆ ಸರಿಹೋಗುತ್ತದೆ.

ಸಹಕಾರ ಸಂಘದವರು ಕೇಳಿದ ಒಂದು ಪ್ರಶ್ನೆ ನನಗೆ ಬಹಳ ಮುಖ್ಯವೆನಿಸಿತು. ಅವರ ಲೆಕ್ಕದ ತಂತ್ರಾಂಶದ ಕಡತಗಳು ಮೊದಲು ಇದೇ ಕಟ್ಟಡದ ಯಂತ್ರದಲ್ಲಿದ್ದವು. ಈಗ ಬೆಂಗಳೂರಿಗೆ ಹೋಗಿವೆ. ಹಿಂದೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿದ್ದ ಖಾತೆಗೆ ಈಗ ಅರ್ಧ ನಿಮಿಷ ಬೇಕು, ಆದರೆ ಸಂಪರ್ಕದ ಬಳಕೆಯನ್ನು ನೋಡಿದರೆ ಒಂದು ಎಂಬಿಪಿಎಸ್ ಕೂಡ ಇಲ್ಲ. ಇದು ವಿಂಡೋದ ದೋಷವಲ್ಲ, ಕಳೆತವೂ ಅಲ್ಲ, ತಂತ್ರಾಂಶದ ವಾಚಾಳಿತನ. ಒಂದು ದಾಖಲೆಯನ್ನು ಕೇಳುವುದು, ಉತ್ತರಕ್ಕೆ ಕಾಯುವುದು, ಅದನ್ನು ಓದಿ ಮುಂದಿನ ದಾಖಲೆಯನ್ನು ಕೇಳುವುದು, ಹೀಗೆ ಒಂದು ಪರದೆಯನ್ನು ತುಂಬಿಸಲು ಅದು ಸಾವಿರದೈನೂರು ಬಾರಿ ಕೇಳುತ್ತದೆ ಎಂದುಕೊಳ್ಳಿ. ಕಟ್ಟಡದೊಳಗೆ ಪ್ರತಿ ಪ್ರಶ್ನೆಗೆ ಅರ್ಧ ಮಿಲಿಸೆಕೆಂಡ್, ಒಟ್ಟು ಮುಕ್ಕಾಲು ಸೆಕೆಂಡ್. ಬೆಂಗಳೂರಿಗೆ ಇಪ್ಪತ್ತು ಮಿಲಿಸೆಕೆಂಡ್, ಒಟ್ಟು ಮೂವತ್ತು ಸೆಕೆಂಡ್. ಭೂಸ್ಥಿರ ಉಪಗ್ರಹದ ಮೂಲಕವಾದರೆ ಹದಿನೈದು ನಿಮಿಷ! ಪೇಟೆಗೆ ಹೋಗಿ ಒಂದೊಂದೇ ಸಾಮಾನು ತಂದು, ಮನೆಗೆ ಬಂದು ಪಟ್ಟಿ ನೋಡಿ, ಮತ್ತೆ ಪೇಟೆಗೆ ಹೋಗುವವನಿಗೆ ಎಷ್ಟು ದೊಡ್ಡ ಜೀಪು ಕೊಡಿಸಿದರೇನು?

ಇಂಥಲ್ಲಿ ಬ್ಯಾಂಡ್‌ವಿಡ್ತಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ ಎಂದು ಅವರಿಗೆ ಹೇಳಿದೆ. ತಂತ್ರಾಂಶವನ್ನು ಕಡತಗಳ ಪಕ್ಕದಲ್ಲೇ, ಅಂದರೆ ಬೆಂಗಳೂರಿನ ಯಂತ್ರದಲ್ಲೇ ಓಡಿಸಿ, ಇಲ್ಲಿಗೆ ರಿಮೋಟ್ ಡೆಸ್ಕ್‌ಟಾಪಿನ ಮೂಲಕ ಪರದೆಯನ್ನು ಮಾತ್ರ ತರಿಸಿಕೊಳ್ಳುವುದು ಅಗ್ಗದ ದಾರಿ. ಒಂದೇ ವಿನಂತಿಯಲ್ಲಿ ಎಲ್ಲ ದಾಖಲೆಗಳನ್ನೂ ಕೇಳುವಂತೆ ತಂತ್ರಾಂಶವನ್ನು ಬರೆಸುವುದು ಸರಿಯಾದ ದಾರಿ. ಎರಡರ ನಡುವೆ ವ್ಯಾನ್ (ವೈಡ್ ಏರಿಯಾ ನೆಟ್‌ವರ್ಕ್) ಆಪ್ಟಿಮೈಜರ್ ಎಂಬ ಪೆಟ್ಟಿಗೆಗಳು ಬರುತ್ತವೆ. ಇವನ್ನು ಎರಡೂ ತುದಿಗಳಲ್ಲಿ ಇಟ್ಟರೆ, ಮುಂದೆ ಕೇಳಬಹುದಾದುದನ್ನು ಊಹಿಸಿ ಮೊದಲೇ ತರಿಸಿಡುತ್ತವೆ, ಒಮ್ಮೆ ಹೋದ ದತ್ತಾಂಶದ ತುಣುಕುಗಳನ್ನು ನೆನಪಿಟ್ಟುಕೊಂಡು ಎರಡನೆಯ ಬಾರಿ ಅದರ ಗುರುತನ್ನು ಮಾತ್ರ ಕಳಿಸುತ್ತವೆ, ಉಳಿದದ್ದನ್ನು ಸಂಕುಚಿತಗೊಳಿಸುತ್ತವೆ. ಒಂದು ಕಾಲದಲ್ಲಿ ಇವು ಪವಾಡವನ್ನೇ ಮಾಡುತ್ತಿದ್ದವು. ಈಗ ಬಹುಪಾಲು ದತ್ತಾಂಶವು ಗೂಢಲಿಪಿಯಲ್ಲಿ ಸಾಗುವುದರಿಂದ, ಕೀಲಿ ಕೊಡದ ಹೊರತು ಪೆಟ್ಟಿಗೆಗೆ ಒಳಗೇನಿದೆ ಎಂದೇ ತಿಳಿಯುವುದಿಲ್ಲ; ಒಂದೇ ಕಡತ ಎರಡು ಬಾರಿ ಹೋದರೂ ಎರಡು ಬೇರೆ ಬೇರೆ ಕಡತಗಳಂತೆ ಕಾಣುತ್ತದೆ. ಅಳತೆ ಮಾಡದೆ ಇವನ್ನು ಕೊಂಡವರು ಪಶ್ಚಾತ್ತಾಪ ಪಟ್ಟದ್ದನ್ನು ಕಂಡಿದ್ದೇನೆ.

ಅದರ ಒಳಗಿನ ಉಪಾಯ ಮಾತ್ರ ಪುಕ್ಕಟೆಯಾಗಿಯೇ ಸಿಗುತ್ತದೆ. 1996ರಲ್ಲಿ ಆಸ್ಟ್ರೇಲಿಯಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ರೂಪಿಸಿದ ಆರ್‌ಸಿಂಕ್, ಎರಡೂ ತುದಿಯ ಕಡತಗಳ ತುಣುಕುಗಳಿಂದ ಲೆಕ್ಕ ಹಾಕಿದ ಗುರುತಿನ ಅಂಕಿಗಳನ್ನು ಹೋಲಿಸಿ ಬದಲಾದ ತುಣುಕುಗಳನ್ನಷ್ಟೇ ಕಳಿಸುತ್ತದೆ. ನಾನು ಆರಂಭದಲ್ಲಿ ಹೇಳಿದ ಕಚೇರಿಯ 12 ಜಿಬಿಯಲ್ಲಿ ದಿನಕ್ಕೆ ನಿಜವಾಗಿ ಬದಲಾಗುತ್ತಿದ್ದುದು ನೂರಿನ್ನೂರು ಎಂಬಿ ಅಷ್ಟೆ. ಇದನ್ನು ಮೊದಲ ದಿನವೇ ವಿಚಾರಿಸದೆ ವಿಂಡೋದ ಲೆಕ್ಕದಲ್ಲಿ ಮುಳುಗಿಹೋದದ್ದು ನನ್ನದೇ ತಪ್ಪು. ಮೊದಲ ಸಲದ ಪೂರ್ಣ ನಕಲು ದೊಡ್ಡದಿದ್ದರೆ ಅದಕ್ಕೂ ದಾರಿಯಿದೆ: 2 ಟಿಬಿ ಹಾರ್ಡ್ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಮಡಿಕೇರಿಯಲ್ಲಿ ಬಸ್ಸು ಹತ್ತಿ ಆರು ಗಂಟೆಗಳ ನಂತರ ಬೆಂಗಳೂರಿನಲ್ಲಿ ಇಳಿದರೆ ಸರಾಸರಿ ವೇಗ 740 ಎಂಬಿಪಿಎಸ್. ರೈಲೇ ಇಲ್ಲದ ಈ ಜಿಲ್ಲೆಯಿಂದ ಅದಕ್ಕಿಂತ ವೇಗದ ಸಂಪರ್ಕವನ್ನು ಇನ್ನೂ ನಾನು ಬಳಸಿಲ್ಲ. ನಡುದಾರಿಯಲ್ಲಿ ತಿಂಡಿಗೆ ನಿಲ್ಲಿಸಿದ ಹೊತ್ತೂ ಇದರಲ್ಲಿ ಸೇರಿದೆ.

ಎರಡು ಇಂಟರ್ನೆಟ್ ಲೈನು ತೆಗೆದುಕೊಂಡರೆ ವೇಗ ಇಮ್ಮಡಿಯಾಗುತ್ತದೆಯೇ ಎಂದು ಹಲವರು ಕೇಳಿದರು. ಹಲವು ಜನ, ಹಲವು ಟಿಸಿಪಿ ಸಂಪರ್ಕಗಳಿದ್ದರೆ ಹಂಚಿಕೊಳ್ಳಬಹುದು. ಒಂದೇ ಕಡತದ ಒಂದೇ ಸಂಪರ್ಕ ಎರಡು ದಾರಿಗಳಲ್ಲಿ ಸೀಳಿ ಹೋಗುವುದಿಲ್ಲ. ಬಲವಂತವಾಗಿ ಪ್ಯಾಕೆಟ್ಟುಗಳನ್ನು ಒಂದು ಅತ್ತ ಒಂದು ಇತ್ತ ಕಳಿಸಿದರೆ ಅವು ಹಿಂದುಮುಂದಾಗಿ ತಲುಪಿ, ಕಳೆತವಾಗಿದೆ ಎಂದು ಟಿಸಿಪಿ ತಪ್ಪು ತಿಳಿದು, ಒಂದೇ ಲೈನು ಇದ್ದಾಗಿನದಕ್ಕಿಂತ ನಿಧಾನವಾಗಬಹುದು. ಎರಡನೆಯದನ್ನು ಆಪತ್ಕಾಲಕ್ಕೆ ಇಟ್ಟುಕೊಳ್ಳಿ, ಮತ್ತು ತೆಗೆದುಕೊಳ್ಳುವ ಮುನ್ನ ಕೊಡೆ ಹಿಡಿದು ರಸ್ತೆಗುಂಟ ಒಂದು ಸಲ ನಡೆದು ನೋಡಿ. ಎರಡು ಬೇರೆ ಬೇರೆ ಕಂಪನಿಗಳ ಫೈಬರುಗಳು ಒಂದೇ ಮರದ ಒಂದೇ ಕೊಂಬೆಯಿಂದ ನೇತಾಡುತ್ತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಅಳತೆಯ ಬಗ್ಗೆ ಕೊನೆಯದಾಗಿ ಒಂದು ಮಾತು. ಸ್ಪೀಡ್ ಟೆಸ್ಟು ಹತ್ತಿರದ ಸರ್ವರಿಗೆ ಹಲವು ಸಂಪರ್ಕಗಳನ್ನು ಒಟ್ಟಿಗೆ ತೆರೆದು ಅಳೆಯುವುದರಿಂದ ನಾನು ಇಲ್ಲಿ ಹೇಳಿದ ಕಾಯಿಲೆಗಳು ಬಹುಮಟ್ಟಿಗೆ ಅದಕ್ಕೆ ಕಾಣುವುದಿಲ್ಲ. ನಿಮ್ಮ ಕೆಲಸದ ಸರ್ವರಿರುವ ಊರಿಗೇ ಐಪರ್ಫ್3 ಎಂಬ ವೇಗ ಅಳೆಯುವ ತಂತ್ರಾಂಶದಿಂದ ಮೊದಲು ಒಂದು ಸಂಪರ್ಕದಲ್ಲಿ, ಬಳಿಕ ಎಂಟು ಸಂಪರ್ಕಗಳಲ್ಲಿ ಅಳೆಯಿರಿ. ಎಂಟರ ಮೊತ್ತ ಒಂದರ ಎಂಟು ಪಟ್ಟಿನ ಹತ್ತಿರ ಬಂದರೆ ವಿಂಡೋವನ್ನೋ ಕಳೆತವನ್ನೋ ಹುಡುಕಿ. ಎರಡೂ ಒಂದೇ ಬಂದರೆ ಆಗ ಮಾತ್ರ ಬ್ಯಾಂಡ್‌ವಿಡ್ತ್ ಸಾಲದೆಂದು ಅರ್ಥ. ದಾರಿಯ ಪ್ರತಿ ರೌಟರನ್ನೂ ಪರೀಕ್ಷಿಸುವ ಎಂಟಿಆರ್ ಎಂಬ ತಂತ್ರಾಂಶದಿಂದ ಕಳೆತವನ್ನು ನೋಡುವಾಗ ನಡುವಿನ ರೌಟರೊಂದು ತೋರಿಸುವ ಕಳೆತಕ್ಕೆ ಗಾಬರಿಯಾಗಬೇಡಿ, ಅವು ತಮಗೇ ಬಂದ ಪ್ರಶ್ನೆಗಳಿಗೆ ಉತ್ತರಿಸಲು ಉದಾಸೀನ ಮಾಡುತ್ತವೆ. ಕೊನೆಯ ನಿಲ್ದಾಣದವರೆಗೂ ಮುಂದುವರಿದ ಕಳೆತವೇ ನಿಜವಾದದ್ದು. ಮತ್ತು ಜನವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಅಳೆಯಿರಿ.

ಆ ಕಚೇರಿಯವರೂ ಜುಲೈಯಲ್ಲಿ ಮತ್ತೆ ಫೋನ್ ಮಾಡಿದರು. ಬಫರು ಸರಿಯಿತ್ತು, ಆರ್‌ಸಿಂಕ್ ಓಡುತ್ತಿತ್ತು, ಆದರೂ ಜೋರು ಮಳೆಯ ಸಂಜೆಗಳಲ್ಲಿ ಎಲ್ಲವೂ ನಿಧಾನ. ಅಳೆದಾಗ ನೂರಕ್ಕೆ ಎರಡರಷ್ಟು ಕಳೆತ. ಮಳೆ ನಿಂತ ಒಂದೆರಡು ಗಂಟೆಗೆ ಅದು ಇಳಿಯುತ್ತಿತ್ತು. ಗೇಟಿನಾಚೆಯ ಸಿಲ್ವರ್ ಓಕಿಗೆ ಕಟ್ಟಿದ್ದ ಬೆಸುಗೆಯ ಡಬ್ಬಿಯನ್ನು ತೆರೆಸಿದಾಗ ಒಳಗೆ ಎರಡು ಬೆರಳಿನಷ್ಟು ನೀರು, ಮತ್ತು ನೆಮ್ಮದಿಯಾಗಿ ವಾಸವಾಗಿದ್ದ ಒಂದು ಇರುವೆಗೂಡು. ಲೈನ್‌ಮನ್ ಬೆಸುಗೆಯನ್ನು ಹೊಸದಾಗಿ ಹಾಕಿ, ಡಬ್ಬಿಯನ್ನು ತಂತಿ ಕೆಳಗಿನಿಂದ ಒಳಹೋಗುವಂತೆ ತಿರುಗಿಸಿ ಕಂಬಕ್ಕೆ ಬಿಗಿದರು. ಅದೇ ಸಂಜೆ ಮಳೆ ಸುರಿಯುತ್ತಿರುವಾಗ ಕುಳಿತು ಅಳೆದೆವು. ಹತ್ತು ಸಾವಿರ ಪ್ಯಾಕೆಟ್ಟುಗಳಲ್ಲಿ ಒಂದೂ ಕಳೆದಿರಲಿಲ್ಲ.